ಭೋಜರಾಜ ಶೆಟ್ಟರು ತಂದಿಟ್ಟ ನಾಗ

ಭೋಜರಾಜ ಶೆಟ್ಟರು ತತ್ವಕ್ಕಾಗಿ ಪಕ್ಷೇತರರಾದವರು. ಹಾಗೆಂದು ಹೇಳುವವರು ಅವರೇ. ಅವರ ಹೆಂಡತಿ ಸರಸಕ್ಕನಿಗೆ ಗೊತ್ತಿರುವುದು ಬೇರೆ. ಎರಡೂ ಪಕ್ಷದವರು ಟಿಕೆಟು ಕೊಡಲಿಲ್ಲ, ಅಷ್ಟೇ. ಕುಂದಾಪುರದ ಒಂದು ಕಚೇರಿಯಲ್ಲಿ ಕುರ್ಚಿ ಹಾಕಿ, ಚಹಾ ಕೊಟ್ಟು, ಆಮೇಲೆ ಇಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ ಚಹಾದ ಖರ್ಚನ್ನೂ ಉಳಿಸಿಕೊಂಡರು. ಆ ದಿನ ಮನೆಗೆ ಬಂದ ಶೆಟ್ಟರು ಬಿಳಿ ಅಂಗಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತ, "ನಾ ಯಾರ ಹಂಗಲ್ಲೂ ಇಪ್ಪವ ಅಲ್ಲ" ಎಂದರು. ಹಾಗೆ ಹೇಳುವಾಗ ಅವರು ನಿಂತಿದ್ದದ್ದು ಹೆಂಡತಿಯ ಮನೆಯ ಚಾವಡಿಯಲ್ಲಿ, ಉಂಡದ್ದು ಹೆಂಡತಿಯ ಗದ್ದೆಯ ಅಕ್ಕಿಯ ಅನ್ನ. ಸರಸಕ್ಕ ಇನ್ನೊಂದು ಸೌಟು ಸಾರು ಬಡಿಸಿದಳು.

ಮುಂಬಯಿಯ ಅಂಧೇರಿಯಲ್ಲಿ ಪಾಲಿಗೆ ಹೋಟೆಲು ನಡೆಸಿ, ಪಾಲುದಾರನೊಡನೆ ಜಗಳ ತೆಗೆದು, ಬಾಗಿಲು ಮುಚ್ಚಿ ಊರಿಗೆ ಬಂದವರು ಶೆಟ್ಟರು. ಬಂದದ್ದು ಹೊಳೆಬಾಗಿಲಿಗೆ. ಕೆರಾಡಿಯಿಂದ ಇನ್ನೂ ಒಳಗೆ, ಡಾಂಬರು ಮುಗಿದು ಕಾಡು ಸುರುವಾಗುವಲ್ಲಿ ಇರುವ ಊರು ಅದು. ಇವರ ಜಾತಿಯಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವುದು ಹಳೆಯ ಕ್ರಮ. ಮನೆ, ಗದ್ದೆ, ಹೊಳೆ ಬದಿಯ ಹಿತ್ತಲು ಎಲ್ಲ ಸರಸಕ್ಕನಿಗೆ ಅವಳ ತಾಯಿಯಿಂದ ಬಂದದ್ದು. ಹೊಳೆಯ ಆಚೆ ದಡದಲ್ಲಿರುವುದು ಆಚೆಕೇರಿ. ಸರಸಕ್ಕನ ತಂಗಿ ಸರೋಜ ಮದುವೆಯಾಗಿ ಹೋದದ್ದು ಅಲ್ಲಿಗೆ, ಗಂಡ ತೀರಿಕೊಂಡ ಮೇಲೂ ಇರುವುದು ಅಲ್ಲೇ.

ಬೇಸಗೆಯಲ್ಲಿ ಆ ಹೊಳೆಯನ್ನು ಸೀರೆ ಎತ್ತಿ ಹಿಡಿದು ದಾಟಬಹುದು. ಮಳೆಗಾಲದಲ್ಲಿ ಅದು ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಎರಡೂ ದಡದ ಗಂಡಸರು ಸೇರಿ ಅಡಿಕೆ ಮರದ ಕಾಂಡಗಳನ್ನು ಹಾಸಿ, ತಂತಿಯಲ್ಲಿ ಬಿಗಿದು, ಕೈಹಿಡಿಗೆ ಬಿದಿರು ಕಟ್ಟುತ್ತಾರೆ. ಅದೇ ಕಾಲುಸಂಕ. ಆಚೆಕೇರಿಯ ಚಂದಯ್ಯ ಅದರ ಮೇಸ್ತ್ರಿ. ಯಾವ ಸರಕಾರವೂ ಅವನನ್ನು ನೇಮಿಸಿಲ್ಲ, ಅವನು ಕೆಲಸ ಬಿಟ್ಟದ್ದೂ ಇಲ್ಲ.

ಶೆಟ್ಟರ ರಾಜಕೀಯ ಸುರುವಾದದ್ದು ಆ ಸಂಕದ ಮೇಲೆ. ಟಿಕೆಟು ಸಿಗದ ವರ್ಷ, ಸಂಕ ಕಟ್ಟುವ ದಿನ, ಇಸ್ತ್ರಿ ಹಾಕಿದ ಪಂಚೆ ಎತ್ತಿ ಕಟ್ಟಿ ಅವರು ಹೊಳೆಗೆ ಇಳಿದರು. ಹಿಂದೆಯೇ ಕುಂದಾಪುರದಿಂದ ಕರೆಸಿದ ಕ್ಯಾಮರಾದವನು. ಚಂದಯ್ಯನ ಹೆಗಲಿನ ಮೇಲಿದ್ದ ಕಾಂಡದ ತುದಿಗೆ ಶೆಟ್ಟರು ಎರಡು ಬೆರಳು ತಾಗಿಸಿದರು. ಫೋಟೋ ಆಯಿತು. ಬೆರಳು ತೆಗೆದರು. ಮಾರನೇ ದಿನದ ಪತ್ರಿಕೆಯಲ್ಲಿ ಸಂಕ ಕಟ್ಟಿದವರು ಭೋಜರಾಜ ಶೆಟ್ಟರಾಗಿದ್ದರು.

ಜಿಲ್ಲಾ ಪಂಚಾಯತ್ ಚುನಾವಣೆಗೆ ಹೊಲಿಗೆ ಯಂತ್ರದ ಚಿಹ್ನೆ ಸಿಕ್ಕಿತು. ಜೀವಮಾನದಲ್ಲಿ ಒಂದು ಗುಂಡಿ ಹೊಲಿದುಕೊಳ್ಳದ ಮನುಷ್ಯ ಹೊಲಿಗೆ ಯಂತ್ರ ಹಿಡಿದು ಮನೆಮನೆ ತಿರುಗಿದರು. ಆಚೆಕೇರಿಗೆ ಮಾತ್ರ ಸರಸಕ್ಕನನ್ನು ಕಳಿಸಿದರು, ಏಕೆಂದರೆ ಅಲ್ಲಿ ಇವರ ಮಾತಿಗೆ ಬೆಲೆಯಿರಲಿಲ್ಲ, ಅವಳ ತಾಯಿಯ ಮನೆಯ ಹೆಸರಿಗೆ ಇತ್ತು. ಅವಳು ಪ್ರತಿ ಅಂಗಳದಲ್ಲೂ ನಿಂತು, "ನಮ್ಮವ್ರ್ ಗೆದ್ರೆ ಇಲ್ಲೊಂದ್ ಸೇತುವೆ ಆತ್ತ್. ನಾ ಮಾತ್ ಕೊಡ್ತೆ" ಎಂದಳು. ದೊಡ್ಡ ಪಕ್ಷಗಳ ಇಬ್ಬರು ಒಬ್ಬರನ್ನೊಬ್ಬರು ಸೋಲಿಸುವ ಹಟದಲ್ಲಿದ್ದರು. ನಡುವೆ ಹೊಲಿಗೆ ಯಂತ್ರ ಗೆದ್ದಿತು.

ಪಂಚಾಯತಿನಲ್ಲಿ ಯಾರಿಗೂ ಬಹುಮತವಿರಲಿಲ್ಲ, ಹಾಗಾಗಿ ತತ್ವಕ್ಕೆ ಒಳ್ಳೆಯ ಕಾಲ ಬಂತು. ಶೆಟ್ಟರು ಬೆಳಿಗ್ಗೆ ಒಂದು ಪಕ್ಷದವರ ತಿಂಡಿ ತಿಂದು, ಮಧ್ಯಾಹ್ನ ಇನ್ನೊಂದು ಪಕ್ಷದವರ ಊಟ ಉಂಡು, ಯಾರಿಗೂ ಹೂಂ ಎನ್ನದೆ, ಯಾರಿಗೂ ಊಹೂಂ ಎನ್ನದೆ, ಕೊನೆಗೆ ಆರೋಗ್ಯ ಮತ್ತು ಶಿಕ್ಷಣ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. ಕಾರು ಬಂತು, ಕಾರಿಗೆ ನಾಮಫಲಕ ಬಂತು, ನಾಮಫಲಕದ ಹಿಂದೆ ಕೂರಲು ಚಂದ್ರ ಎಂಬ ಡ್ರೈವರ್ ಬಂದ. ಸೇತುವೆ ಬರಲಿಲ್ಲ.

ಅಷ್ಟರಲ್ಲಿ ಸರೋಜಳ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ಸಲ ಕುಂದಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ತಪ್ಪಿದರೆ ಮೈ ಊದಿ, ಉಸಿರು ಮೇಲೆ ಕೆಳಗೆ ಆಗುತ್ತದೆ. ಮಳೆಗಾಲದಲ್ಲಿ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಚಂದಯ್ಯನೂ ಇನ್ನೊಬ್ಬನೂ ಹಿಂದೆ ಮುಂದೆ ಹಿಡಿದು ಸಂಕ ದಾಟಿಸುತ್ತಿದ್ದರು. ಕೆಳಗೆ ಕೆಂಪು ನೀರು. ಸರೋಜ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಚೆ ದಡದಲ್ಲಿ ಅವಳ ಚೀಲ ಹಿಡಿದು ಕಾಯುವ ಸರಸಕ್ಕನಿಗೆ ಕಣ್ಣು ಮುಚ್ಚುವ ಪುಣ್ಯವೂ ಇರಲಿಲ್ಲ. ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವವಳು ಅವಳೇ.

ಒಂದು ಸಲ ಶೆಟ್ಟರು ದಡಕ್ಕೆ ಬಂದರು. ಭಾವನಾಗಿ ಕುರ್ಚಿಗೆ ಕೈ ಕೊಡಲು ಬಂದರೆಂದು ಸರಸಕ್ಕ ಎಣಿಸಿದಳು. ಅವರು ಮೊಬೈಲು ತೆಗೆದರು. ಕುರ್ಚಿಯಲ್ಲಿ ಕೂತ ಸರೋಜಳ ಚಿತ್ರ ಮುಂದಿನ ಚುನಾವಣೆಯ ಕರಪತ್ರದ ಮುಖಪುಟದಲ್ಲಿ ಬಂತು. ಕೆಳಗೆ ದಪ್ಪಕ್ಷರದಲ್ಲಿ, "ಈ ತಾಯಿಯ ಕಣ್ಣೀರು ಒರೆಸುವವರು ಯಾರು?" ಆರೋಗ್ಯ ಸಮಿತಿಯ ಅಧ್ಯಕ್ಷರು ಹೀಗೆ ಕೇಳಿ ಎರಡನೇ ಸಲವೂ ಗೆದ್ದರು. ಸರಸಕ್ಕ ಆ ಕರಪತ್ರಗಳ ಕಟ್ಟನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದಳು. ಗಂಡನಿಗೆ ಅದೇ ನೀರಲ್ಲಿ ಸ್ನಾನ.

ಅವರಿಗೆ ಸೇತುವೆ ಬೇಡವೇ ಬೇಡ ಎಂದು ಅವಳಿಗೆ ತಿಳಿದದ್ದು ಒಂದು ದಿನ ಅಂಗಳದಲ್ಲಿ. ಕಾರು ತೊಳೆಯುತ್ತಿದ್ದ ಚಂದ್ರನಿಗೆ ಶೆಟ್ಟರು ರಾಜಕೀಯ ಕಲಿಸುತ್ತಿದ್ದರು.

"ಸೇತುವೆ ಆರೆ ಮುಂದಿನ್ ಸಲ ಎಂತ ಹೇಳಿ ಓಟ್ ಕೇಂಬುದ್ ಮರಾಯಾ?"

ಚಂದ್ರ ನಕ್ಕ. ಅವನ ಸಂಬಳದಲ್ಲಿ ನಗುವುದೂ ಸೇರಿತ್ತು. ಒಳಗೆ ಭತ್ತ ಕೇರುತ್ತಿದ್ದ ಸರಸಕ್ಕನ ಕೈ ನಿಂತಿತು. ಇಷ್ಟು ವರ್ಷ ಗಂಡನನ್ನು ಅವಳು ಕೈಲಾಗದವನೆಂದು ತಿಳಿದಿದ್ದಳು. ಕೈಲಾಗದವನ ಮೇಲೆ ಒಂದಿಷ್ಟು ಕನಿಕರ ಉಳಿದಿರುತ್ತದೆ. ಆ ದಿನ ಅದೂ ಹೋಯಿತು.

ಆದರೆ ಸೇತುವೆ ತಾನಾಗಿಯೇ ಬಂತು. ಕ್ಷೇತ್ರದ ಶಾಸಕರು ತಮ್ಮ ಅನುದಾನದಲ್ಲಿ ಮಂಜೂರು ಮಾಡಿಸಿದರು. ಅನಿಷಾ ಎಂಬ ಇಂಜಿನಿಯರ್ ಹುಡುಗಿ, ಬ್ರಹ್ಮಾವರದ ಕಡೆಯವಳು, ಬಂದು ಹೊಳೆ ಅಳೆದಳು. ಗಟ್ಟಿ ಬಂಡೆ ಇರುವುದು ಒಂದೇ ಕಡೆ, ಅಲ್ಲಿಗೆ ರಸ್ತೆ ಇಳಿಯಬೇಕಾದರೆ ಸರಸಕ್ಕನ ಹಿತ್ತಲಿನಲ್ಲೇ ಇಳಿಯಬೇಕು.

"ಜಾಗ ನಿಮ್ಮ ಹೆಸರಿಗಿದೆ ಅಮ್ಮ. ನೀವು ಒಪ್ಪಿದರೆ ಮುಂದಿನ ಮಳೆಗೆ ಮೊದಲು ಕಂಬ ಏಳುತ್ತದೆ. ಮಾರ್ಚ್ ಒಳಗೆ ಕೆಲಸ ಸುರುವಾಗದಿದ್ದರೆ ಅನುದಾನ ವಾಪಸ್ ಹೋಗುತ್ತದೆ" ಎಂದಳು ಅನಿಷಾ.

"ಎಲ್ಲಿ ಸೈನ್ ಹಾಕ್ಕ್ ಹೇಳ್ ಹೆಣ್ಣೇ" ಎಂದಳು ಸರಸಕ್ಕ.

ಪಕ್ಕದಲ್ಲಿ ನಿಂತ ಶೆಟ್ಟರು ನಾಲ್ಕು ಜನರೆದುರು ಬೇಡ ಎನ್ನುವ ಹಾಗಿಲ್ಲ. ನಗುತ್ತ ಕೈ ಮುಗಿದರು. ಆ ನಗು ಸರಸಕ್ಕನಿಗೆ ಗೊತ್ತಿತ್ತು. ಪಾಲುದಾರನಿಗೆ ಲೆಕ್ಕ ಒಪ್ಪಿಸುವಾಗಲೂ ಅವರು ಹಾಗೆಯೇ ನಗುತ್ತಿದ್ದರಂತೆ.

ಅದಾಗಿ ಕೆಲವು ದಿನಕ್ಕೆ, ಸರೋಜಳನ್ನು ಆಸ್ಪತ್ರೆಯಿಂದ ತಂದು ಮನೆ ಸೇರಿಸಿ ಹಿತ್ತಲಿನ ದಾರಿಯಲ್ಲಿ ಹಿಂತಿರುಗುತ್ತಿದ್ದ ಸರಸಕ್ಕ ಹೊನ್ನೆ ಮರದ ಬುಡದಲ್ಲಿ ಚಂದ್ರ ಕುಕ್ಕರುಗಾಲಿನಲ್ಲಿ ಕೂತದ್ದನ್ನು ಕಂಡಳು. ಅವನ ಎದುರಿಗೆ ಒಂದು ಮೊಳದ ನಾಗನ ಕಲ್ಲು, ಹೆಡೆ ಬಿಚ್ಚಿದ್ದು. ಪಕ್ಕದಲ್ಲಿ ಅವಳದೇ ಅಡುಗೆಮನೆಯ ಮಜ್ಜಿಗೆ ಪಾತ್ರೆ. ಚಂದ್ರ ಕಲ್ಲಿಗೆ ಮಜ್ಜಿಗೆ ಬಳಿಯುತ್ತಿದ್ದ.

"ಎಂತ ಮಾಡ್ತಿದ್ದೆ ಚಂದ್ರ?"

"ಶೆಟ್ರ್ ಹೇಳಿರ್ ಅಕ್ಕಾ. ಮಜ್ಜಿಗಿ ಹಚ್ಚಿರೆ ಪಾಚಿ ಬೇಗ ಹಿಡಿತ್ತಂಬ್ರ್. ಹಳೀ ಕಲ್ಲ್ ಕಂಡಂಗೆ ಆಯ್ಕಂಬ್ರ್." ಅವನು ಮಜ್ಜಿಗೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ಕಾರ್ಕಳದಿಂದ ತಂದದ್ದ್. ನಂಗೆ ಬೇರೆ ಎಂತ ಗೊತ್ತಿಲ್ಲೆ. ನಾ ಹೊತ್ತದ್ದ್ ಮಾತ್ರ."

ಈ ಸೀಮೆಯಲ್ಲಿ ನಾಗನಿರುವ ಜಾಗದಲ್ಲಿ ಯಾರೂ ಗುದ್ದಲಿ ಹಾಕುವುದಿಲ್ಲ. ರಸ್ತೆಯೇ ಬಳಸಿಕೊಂಡು ಹೋಗುತ್ತದೆ, ಮನೆಯೇ ಹಿಂದೆ ಸರಿಯುತ್ತದೆ. ಸರಸಕ್ಕನೂ ಅದನ್ನು ನಂಬುವವಳೇ. ಅವಳ ಕುಟುಂಬದ ಮೂಲ ನಾಗ ಗುಡ್ಡದ ಮೇಲಿನ ಬನದಲ್ಲಿದೆ. ವರ್ಷವೂ ಉಪವಾಸವಿದ್ದು ಹತ್ತಿ ಹೋಗಿ ಹಾಲೆರೆದು ಬರುತ್ತಾಳೆ. ಆ ನಂಬಿಕೆಗೇ ಗಂಡ ಮಜ್ಜಿಗೆ ಬಳಿದದ್ದು ಕಂಡು ಅವಳ ಮೈ ಉರಿಯಿತು. ಚಾವಡಿಯಲ್ಲಿ ಕೂತಿದ್ದ ಗಂಡನನ್ನು ಹೋಗಿ ಕೇಳಿದಳು.

"ನೀ ಸುಮ್ನೆ ಕೂಕೊ. ಇದ್ ರಾಜಕೀಯ" ಎಂದರು ಶೆಟ್ಟರು. "ಶಾಸಕನ ಹೆಸ್ರಿನ್ ಸೇತುವೆ ನಮ್ಮ ಹಿತ್ಲಲ್ಲಿ ಆರೆ ನನ್ನ ಕತಿ ಮುಗಿತ್. ಎಲೆಕ್ಷನ್ ಒಂದ್ ಕಳಿಲಿ, ನಾನೇ ತೆಗ್ಸ್ತೆ."

"ಕಟ್ಟುಕೆ ಬಿಚ್ಚುಕೆ ನಾಗ ಎಂತ ನಿಮ್ಮ ಬ್ಯಾನರಾ?"

ಶೆಟ್ಟರು ಟವೆಲು ಕೊಡವಿ ಎದ್ದುಹೋದರು. ವಾರದೊಳಗೆ ಊರೆಲ್ಲ ಸುದ್ದಿ. ಹೊನ್ನೆ ಮರದ ಬುಡದಲ್ಲಿ ಹುತ್ತ ಒಡೆದು ನಾಗ ಕಾಣಿಸಿಕೊಂಡಿದ್ದಾನಂತೆ, ಶೆಟ್ಟರಿಗೆ ಕನಸು ಬಿದ್ದಿತ್ತಂತೆ. ಹೆಂಗಸರು ಎಳನೀರು, ಅರಶಿನ ಹಿಡಿದು ಬಂದರು. ಜೆಸಿಬಿಯವನು ಮರದ ಹತ್ತಿರ ಬಂದು, ಚಪ್ಪಲಿ ಕಳಚಿ ಕೈ ಮುಗಿದು, ಹಾಗೆಯೇ ಹಿಂದಕ್ಕೆ ಹೋದ. ಅನಿಷಾ ಎರಡು ಸಲ ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡು ಹೋದಳು.

ಸರಸಕ್ಕ ಆಚೆಕೇರಿಗೆ ಹೋಗಿ ಚಂದಯ್ಯನ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರೂ ಅವಳ ಮುಖ ನೋಡಲಿಲ್ಲ.

"ಸರಸಕ್ಕ, ಕಲ್ಲ್ ಎಲ್ಲಿಂದಾರೂ ಬರ್ಲಿ" ಎಂದ ಚಂದಯ್ಯ. "ಕೂತ್ ಮೇಲೆ ನಾಗ ಅಲ್ದಾ? ನಾಳೆ ನಮ್ಮ ಮಕ್ಳಿಗೆ ಎಂತಾರೂ ಆರೆ ಯಾರ್ ಕೇಂಬುದ್? ಸಂಕ ನಾವ್ ಕಟ್ಟತ್ತ್ ಬಿಡಿ."

ಅದನ್ನಾದರೂ ತಡೆದುಕೊಂಡಾಳು. ಸರೋಜಳ ಮಾತು ತಡೆಯಲಾಗಲಿಲ್ಲ. ಹಾಸಿಗೆಯಲ್ಲಿ ಒರಗಿದ್ದ ತಂಗಿ ಅಕ್ಕನ ಕೈ ಹಿಡಿದು ಮೆಲ್ಲಗೆ ಹೇಳಿದಳು. "ನಾವ್ ಸಣ್ಣಕಿಪ್ಪತಿಗೆ ಆ ಮರದ ಬುಡ್ದಲ್ಲಿ ಉಚ್ಚಿ ಹೊಯ್ಕಂಡ್ ಆಡಿದ್ದಲ್ದಾ ಅಕ್ಕ? ಗೊತ್ತಿಲ್ದೆ ಮಾಡಿದ್ದ್. ನನ್ನ ಕಿಡ್ನಿ ಹೋದ್ದ್ ಅದ್ಕೇ ಕಾಣತ್ತ್. ನಂಗೆ ಸೇತುವೆ ಬ್ಯಾಡ. ನಾಗನ್ನ ಮುಟ್ಬೇಡಿ."

ಸರಸಕ್ಕ ಆ ದಿನ ಸಂಕವಿಲ್ಲದ ಹೊಳೆಯ ನಡುವೆ ಮೊಣಕಾಲು ನೀರಿನಲ್ಲಿ ನಿಂತು ಅತ್ತಳು. ಒಬ್ಬ ಮನುಷ್ಯ ಒಂದು ಓಟಿಗಾಗಿ ಒಂದು ಕಲ್ಲು ತಂದಿಟ್ಟ, ಸಾಯುತ್ತಿರುವ ಹೆಂಗಸು ತನ್ನ ರೋಗಕ್ಕೆ ತಾನೇ ಕಾರಣ ಎಂದುಕೊಂಡಳು. ಇಂಥವನಿಗೆ ತಾನು ಅನ್ನ ಹಾಕಿದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಇದರ ನಡುವೆ ಶೆಟ್ಟರ ಕುತ್ತಿಗೆಯಲ್ಲಿ ಕೆಂಪು ದದ್ದು ಎದ್ದಿತು. ಹೊಸ ಖಾದಿ ಅಂಗಿಯ ಗಂಜಿ ಬೆವರಿಗೆ ಕೂಡಿದರೆ ಯಾರಿಗಾದರೂ ಏಳುತ್ತದೆ. ವೈದ್ಯರು ಅದನ್ನೇ ಹೇಳಿ ಮುಲಾಮು ಕೊಟ್ಟರು. ಆದರೆ ಮೈಮೇಲೆ ದದ್ದು ಎದ್ದರೆ ಈ ಕಡೆಯವರ ಮನಸ್ಸು ಮೊದಲು ಹೋಗುವುದು ನಾಗದೋಷಕ್ಕೆ. ಶೆಟ್ಟರ ಮನಸ್ಸೂ ಅಲ್ಲಿಗೇ ಹೋಯಿತು. ತಾವೇ ದರ ಚೌಕಾಸಿ ಮಾಡಿ, ತಾವೇ ಡಿಕ್ಕಿಯಲ್ಲಿ ಹಾಕಿಸಿ ತಂದ ಕಲ್ಲಿಗೆ ಅವರು ಹೆದರತೊಡಗಿದರು. ಹಿತ್ತಲಿನ ದಾರಿ ಬಿಟ್ಟರು. ಮೀನು ಬಿಟ್ಟರು. ಕನ್ನಡಿಯೆದುರು ಕುತ್ತಿಗೆ ಓರೆ ಮಾಡಿ ನಿಲ್ಲುವುದೇ ಒಂದು ಕಸುಬಾಯಿತು.

"ಹೆದ್ರಿಕಿ ಆರೆ ತೆಗ್ದ್ ಬಿಡಿ" ಎಂದಳು ಸರಸಕ್ಕ.

"ನಾ ಮುಟ್ಟುದಿಲ್ಲೆ. ಸತ್ರೂ ಮುಟ್ಟುದಿಲ್ಲೆ" ಎಂದರು ಶೆಟ್ಟರು. ಧ್ವನಿಯಲ್ಲಿ ಭಾಷಣವಿರಲಿಲ್ಲ. ಅವರು ನಿಜವನ್ನೇ ಹೇಳಿದ್ದನ್ನು ಅವಳು ಬಹಳ ವರ್ಷಗಳ ಮೇಲೆ ಕೇಳಿದಳು, ಅದೂ ಹೇಡಿತನದ ನಿಜ.

ಸರಸಕ್ಕ ಬಸ್ಸು ಹತ್ತಿ ಕುಂಭಾಶಿಯ ಹತ್ತಿರ ಇರುವ ವಯಸ್ಸಾದ ತಂತ್ರಿಗಳ ಮನೆಗೆ ಹೋದಳು. ಅವಳ ಕುಟುಂಬದ ಬನಕ್ಕೆ ತಲೆಮಾರಿನಿಂದ ಪೂಜೆಗೆ ಬರುವ ಮನೆತನ ಅದು.

"ಪ್ರತಿಷ್ಠೆ ಮಾಡಿದ್ ಯಾರ್?" ಎಂದು ಕೇಳಿದರು ಅವರು.

"ಕಾರಿನ್ ಡ್ರೈವರ್."

"ಮಂತ್ರ?"

"ಮಜ್ಜಿಗಿ."

ತಂತ್ರಿಗಳು ನಗಲಿಲ್ಲ. "ಪ್ರಾಣ ತುಂಬದ್ ಕಲ್ಲ್ ಕಲ್ಲೇ ಅಮ್ಮ. ನೀರಿಗೆ ಬಿಡಿ" ಎಂದರು. "ಆದ್ರೆ ಬೇರೆಯವ್ರ ಕೈಲಿ ಎತ್ಸ್‌ಬೇಡಿ. ಹೆದ್ರಿ ಎತ್ತಿದವ ನಾಳೆ ತಲಿನೋವ್ ಬಂದ್ರೂ ನಾಗನ್ ಮೇಲೆ ಹೇಳ್ತ. ಜಾಗ ನಿಮ್ದ್, ನೀವೇ ಎತ್ತಿ."

"ನೀವ್ ಬಂದ್ ಇದನ್ನೇ ಹೇಳಿರೆ ಜನ ನಂಬ್ತ್ರ್."

"ಮೈಕ್ ಇಪ್ಪಲ್ಲಿಗೆ ನಾ ಬಪ್ಪುದಿಲ್ಲೆ" ಎಂದರು ತಂತ್ರಿಗಳು. ದೇವರ ಕೆಲಸ ಮಾಡುವವರೂ ಹೀಗೆ ನುಣುಚಿಕೊಂಡರಲ್ಲ ಎಂದುಕೊಂಡು ಸರಸಕ್ಕ ಎದ್ದು ಬಂದಳು.

ಮೈಕು ಇತ್ತು ನಿಜ. ದದ್ದೂ ಇಳಿಯಬೇಕು, ಓಟೂ ಏರಬೇಕು ಎಂದು ಶೆಟ್ಟರು ಹೊನ್ನೆ ಮರದ ಕೆಳಗೆ ಆಶ್ಲೇಷಾ ಬಲಿ ಇಟ್ಟುಕೊಂಡಿದ್ದರು. ದೋಷ ಕಳೆಯಲು ನಾಗನಿಗೆ ಮಾಡುವ ಪೂಜೆ ಅದು. ಎಲ್ಲಿಂದಲೋ ಒಬ್ಬ ಭಟ್ಟರನ್ನು ಗೊತ್ತು ಮಾಡಿದ್ದರು. ಚಪ್ಪರ ಎದ್ದಿತು. ಬೆಳಿಗ್ಗೆಯೇ ಎರಡೂ ದಡದ ಜನ ಸೇರಿದರು. ಸರೋಜಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಶೆಟ್ಟರು ಕುತ್ತಿಗೆಗೆ ಶಾಲು ಸುತ್ತಿ ಮೈಕು ಹಿಡಿದು, ನಾಗ ತಮ್ಮನ್ನೇ ಏಕೆ ಆರಿಸಿಕೊಂಡ ಎಂದು ಜನರಿಗೆ ವಿವರಿಸುತ್ತಿದ್ದರು.

ಸರಸಕ್ಕ ತಲೆಗೆ ಮಿಂದು, ಒದ್ದೆ ಕೂದಲು ಗಂಟು ಹಾಕಿ, ಮನೆಯಿಂದ ಇಳಿದು ಬಂದಳು. ಜನ ದಾರಿ ಬಿಟ್ಟರು, ಮನೆಯ ಯಜಮಾನಿ ಪೂಜೆಗೆ ಬಂದಳೆಂದು. ಅವಳು ಕಲ್ಲಿನ ಎದುರು ನಿಂತು ಗುಡ್ಡದ ಬನದ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ಬಗ್ಗಿ, ಅರಶಿನ, ಹೂಗಳ ಸಮೇತ ಆ ಕಲ್ಲನ್ನು ಅಲ್ಲಾಡಿಸಿ, ಎತ್ತಿ, ನೀರಿನ ಕೊಡಪಾನದ ಹಾಗೆ ಸೊಂಟಕ್ಕೆ ಇಟ್ಟುಕೊಂಡಳು.

ಯಾರೋ ಹೆಂಗಸು ಅಯ್ಯೋ ಎಂದಳು. ಸರೋಜ ಮುಖ ಮುಚ್ಚಿಕೊಂಡಳು. ಚಂದ್ರ ಚಪ್ಪರದ ಕಂಬದ ಹಿಂದೆ ಸರಿದ.

ಮೈಕಿನಲ್ಲಿ ಶೆಟ್ಟರ ಧ್ವನಿ ಎರಡೂ ದಡಕ್ಕೆ ಕೇಳಿಸಿತು. "ಹ್ವಾಯ್, ಎಲ್ಲರೂ ಕಂಡ್ರ್ಯಲೆ? ಮುಟ್ಟಿದ್ದ್ ಅವ್ಳ್. ನಂಗೂ ಇದ್ಕೂ ಸಂಬಂಧ ಇಲ್ಲೆ. ಎಂತ ಆರೂ ಅವ್ಳಿಗೇ ಆಯ್ಲಿ."

ಮದುವೆಯಾದಂದಿನಿಂದ ಅವರು ಊರೆದುರು ಹೆಂಡತಿಯ ಬಗ್ಗೆ ಆಡಿದ ಮೊದಲ ಮಾತು ಅದು. ಸರಸಕ್ಕ ತಿರುಗಿ ನೋಡಿದಳು. "ಹೌದ್, ನಾನೇ ಮುಟ್ಟಿದ್ದ್. ಬಪ್ಪುದೆಲ್ಲ ನಂಗೇ ಬರ್ಲಿ" ಎಂದಳು. ದಡಕ್ಕೆ ನಡೆದು, ನೀರಿಗಿಳಿದು, ಆಳವಾದ ಮಡುವಿಗೆ ಕಲ್ಲನ್ನು ಇಳಿಸಿದಳು. ನೀರು ಗುಳುಂ ಎಂದಿತು, ಅಷ್ಟೇ. ಒದ್ದೆ ಸೀರೆಯಲ್ಲೇ ಅನಿಷಾಳಿಗೆ ಫೋನು ಮಾಡಿ, "ನಾಳೆ ಜೆಸಿಬಿ ಕಳ್ಸ್ ಹೆಣ್ಣೇ. ಮೊದ್ಲ್ ಗುದ್ದ್ಲಿ ನಾ ಹಾಕ್ತೆ" ಎಂದಳು. ಹಾಕಿದಳು ಕೂಡ.

ಅದರ ಬೆಲೆಯನ್ನು ಅವಳು ಒಂದು ವರ್ಷ ತೆತ್ತಳು. ಯಾರ ದನ ಸತ್ತರೂ, ಯಾರಿಗೆ ಜ್ವರ ಬಂದರೂ ಸರಸಕ್ಕನ ಹೆಸರು. ಮದುವೆ ಮನೆಗಳಲ್ಲಿ ಅವಳ ಪಕ್ಕದ ಎಲೆ ಖಾಲಿ. ಸರೋಜ ಮಾತು ಬಿಟ್ಟಳು. ಆಸ್ಪತ್ರೆಗೆ ನೆರೆಮನೆಯ ಬೇಬಿಯನ್ನು ಕರೆದುಕೊಂಡು ಹೋಗತೊಡಗಿದಳು. ಆ ಮಳೆಗಾಲ ಕಂಬಗಳ ಪಕ್ಕದಲ್ಲೇ ಕಟ್ಟಿದ ಸಂಕದ ಮೇಲೆ ತಂಗಿಯ ಕುರ್ಚಿ ಬರುವುದನ್ನು ಸರಸಕ್ಕ ದನದ ಹಟ್ಟಿಯ ಮರೆಯಲ್ಲಿ ನಿಂತು ನೋಡುತ್ತಿದ್ದಳು. ದಾಟಿ ಮುಗಿದ ಮೇಲೆ ಒಳಗೆ ಬರುತ್ತಿದ್ದಳು. ಗಂಡ ಬೇರೆ ಒಲೆಯಲ್ಲಿ ಚಂದ್ರನ ಕೈಯಿಂದ ಬೇಯಿಸಿಕೊಂಡು ಉಣ್ಣುತ್ತಿದ್ದರು. ಮನೆ ಬಿಟ್ಟು ಹೋಗುವಷ್ಟು ಸ್ವತಂತ್ರರು ಅವರು ಅಲ್ಲ.

ವರ್ಷ ತುಂಬಿದರೂ ಸರಸಕ್ಕ ಗಟ್ಟಿಯಾಗಿಯೇ ಇದ್ದಳು. ಅಂಗಿ ಬದಲಾದ ಮೇಲೆ ಶೆಟ್ಟರ ದದ್ದೂ ಹೋಯಿತು. ದದ್ದಿನೊಡನೆ ಹೆದರಿಕೆಯೂ, ಹೆದರಿಕೆಯೊಡನೆ ಅದರ ನೆನಪೂ ಹೋಯಿತು. ಪಂಚಾಯತಿನ ಅವಧಿ ಮುಗಿದಿತ್ತು, ಹೊಸ ಚುನಾವಣೆ ಯಾವಾಗ ಎಂದು ಯಾರಿಗೂ ತಿಳಿದಿರಲಿಲ್ಲ. ನಾಮಫಲಕದಲ್ಲಿ 'ಮಾಜಿ' ಎಂಬುದನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಬರೆಸಿಕೊಂಡು ಶೆಟ್ಟರು ಸೇತುವೆಯ ಉದ್ಘಾಟನೆಯ ದಿನ ಎಲ್ಲರಿಗಿಂತ ಮೊದಲು ಬಂದು ನಿಂತರು. ಕೆಂಪು ಟೇಪು ಕಟ್ಟಿಯಾಗಿತ್ತು. ಶಾಸಕರು ತಡವಾಗಿ ಬರುವವರಿದ್ದರು. ಖಾಲಿ ಮೈಕು ಕಂಡರೆ ಶೆಟ್ಟರಿಗೆ ತಡೆಯುವುದಿಲ್ಲ.

"ಈ ಸೇತುವೆಗಾಗಿ ನಾನು ನನ್ನ ಸ್ವಂತ ಭೂಮಿ ಬಿಟ್ಟುಕೊಟ್ಟೆ" ಎಂದು ಸುರು ಮಾಡಿದರು. "ಜನರಿಗಾಗಿ ದೇವರನ್ನೇ ಸ್ಥಳಾಂತರ ಮಾಡಿದೆ. ನಾನು ಯಾರಿಗೂ ಹೆದರುವವನಲ್ಲ."

ಜನ ಚಪ್ಪಾಳೆ ತಟ್ಟಿದರು. ಸಿಹಿ ಹಂಚುವವರೆಗೆ ಜನ ಯಾರಿಗಾದರೂ ತಟ್ಟುತ್ತಾರೆ. ಸರಸಕ್ಕ ಎಲ್ಲರಿಗಿಂತ ಹಿಂದೆ, ತನ್ನ ಹಿತ್ತಲಿನ ಬೇಲಿಯ ಬಳಿ ಒಬ್ಬಳೇ ನಿಂತಿದ್ದಳು.

ಟೇಪು ಕಟ್ಟುವ ಮೊದಲೇ ಆಚೆಗೆ ದಾಟಿ ಹೋಗಿದ್ದ ಯೋಗೀಶನ ಬಾಡಿಗೆ ಓಮ್ನಿ ಆಗ ಆಚೆ ದಡದಿಂದ ಸೇತುವೆಗೆ ಹತ್ತಿತು. ಒಳಗೆ ಸರೋಜ, ಮೈಕಿನಲ್ಲಿ ಭಾವ ಹೇಳಿದ್ದೆಲ್ಲವನ್ನೂ ಆಚೆ ದಡದಲ್ಲೇ ಕೇಳಿಸಿಕೊಂಡವಳು. ಅದು ಅವಳ ಡಯಾಲಿಸಿಸ್ ದಿನ, ಆಸ್ಪತ್ರೆಯ ಯಂತ್ರಕ್ಕೆ ಶಾಸಕರ ವೇಳಾಪಟ್ಟಿ ಗೊತ್ತಿಲ್ಲ. ಟೇಪಿನ ಬಳಿ ಓಮ್ನಿ ನಿಂತಿತು. ಶೆಟ್ಟರು ಮೈಕಿನಲ್ಲೇ, "ಯೋಗೀಶ, ಹಿಂದ್ ಹೋಗ್. ಉದ್ಘಾಟನೆ ಆಯ್ಲಿಲ್ಲೆ" ಎಂದರು.

ಸರೋಜ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಭಾವನ ಕಡೆ ನೋಡಲಿಲ್ಲ. ಜನರ ತಲೆಗಳ ಮೇಲಿಂದ ಬೇಲಿಯತ್ತ ನೋಡಿ ಕರೆದಳು.

"ಅಕ್ಕಾ, ಬಾ, ಹತ್ತ್. ಆಸ್ಪತ್ರಿಗೆ ನಂಗೆ ನೀನೇ ಆಯ್ಕ್."

ಜನ ಇಬ್ಬಾಗವಾದರು. ಸರಸಕ್ಕನ ಕಾಲಿಗೆ ಚಪ್ಪಲಿಯೂ ಇರಲಿಲ್ಲ, ಹಾಗೆಯೇ ಬಂದಳು. ಟೇಪನ್ನು ಎತ್ತಿ, ಅದರಡಿ ಬಗ್ಗಿ ದಾಟಿ, ಓಮ್ನಿ ಹತ್ತಿ, ತಂಗಿಯ ಚೀಲವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಹೊರ್ಡ್ ಯೋಗೀಶ. ಹೊತ್ತಾಯ್ತ್" ಎಂದಳು ಸರೋಜ.

ಯೋಗೀಶ ಗೇರು ಹಾಕಿದ. ಟೇಪು ಗಾಜಿಗೆ ಎಳೆದು, ಬಿಗಿದು, ಪಟ್ ಎಂದು ಹರಿಯಿತು. ಓಮ್ನಿ ಹಿತ್ತಲಿನ ರಸ್ತೆ ಹತ್ತಿ ಹೋಯಿತು. ಮೈಕಿನೆದುರು ಶೆಟ್ಟರ ಬಾಯಿ ಇನ್ನೂ ತೆರೆದೇ ಇತ್ತು, ಆದರೆ ಎರಡೂ ದಡದ ಜನ ಅವರಿಗೆ ಬೆನ್ನು ಹಾಕಿ ಓಮ್ನಿಯನ್ನೇ ನೋಡುತ್ತಿದ್ದರು.